ಲಿಸ್ಬನ್ನಿನಲ್ಲಿ ಕರಿಮೆಣಸಿನ ರಾಣಿ!

1969ರ ಬಾಂಡ್ ಚಿತ್ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ನೋಡಿದ್ದೀರಾ? ಕಡಲಿಗೆ ಇಳಿದ ಡಯಾನಾ ರಿಗ್‌ಳನ್ನು ಜಾರ್ಜ್ ಲೇಜನ್‌ಬಿ ಎತ್ತಿ ತರ್ತಾನಲ್ಲ, ಅದು ಪೋರ್ಚುಗಲ್ ರಾಜಧಾನಿ ಲಿಸ್ಬನ್ ಹತ್ತಿರದ ಗಿನ್ಷು ಬೀಚು. ಅಲ್ಲಿ ನನ್ನವಳ ಕೈ ಹಿಡಿದು ನಿಂತಾಗ ನಾನೂ ಬಾಂಡೇ!

ಹೀರೋಗಿರಿ ಇಳಿದದ್ದು ಊರೊಳಗಿನ ಜೆರೋನಿಮೊಸ್ ಮಠದಲ್ಲಿ. ಕಲ್ಲಿನಲ್ಲೇ ಹಗ್ಗ, ಹವಳ ಕೆತ್ತಿದ್ದಾರೆ; ನೋಡಲು ಎರಡು ಕಣ್ಣು ಸಾಲದು. ಒಳಗೆ ವಾಸ್ಕೋ ಡ ಗಾಮನ ಸಮಾಧಿ. 1498ರಲ್ಲಿ ಕಲ್ಲಿಕೋಟೆಗೆ ಬಂದನಲ್ಲ, ಅವನೇ. ‘ನಿಲ್ಲು, ಒಂದು ಫೋಟೋ’ ಅಂದೆ. ಹೊನ್ನಾವರದ ಹುಡುಗಿ, ನಿಲ್ಲಲಿಲ್ಲ!

‘ಮೆಣಸು, ಮಸಾಲೆ ಸುಂಕದ ದುಡ್ಡಲ್ಲಿ ಕಟ್ಟಿದ್ದು ಕಣ್ರೀ ಇದು. ನಮ್ಮ ಗೇರುಸೊಪ್ಪೆ ಚೆನ್ನಭೈರಾದೇವೀನ ಇವರೇ ಕರಿಮೆಣಸಿನ ರಾಣಿ ಅಂದ್ರು. ಅವಳ ಹೆಸರಲ್ಲಿ ಒಂದು ಕಲ್ಲಾದರೂ ಕಂಡಿತಾ ನಿಮಗೆ?’

ನಾನು ಕ್ಯಾಮೆರಾ ಒಳಗಿಟ್ಟೆ.

ಅಲ್ಲಿಂದ ಮೆಡೀರಾ ದ್ವೀಪಕ್ಕೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ದಾರಿ. ರನ್‌ವೇಯ ಒಂದು ಭಾಗ ಕಡಲಂಚಿನ ಕಂಬಗಳ ಮೇಲೆ! ಮೊಂಟೆ ಗುಡ್ಡದಲ್ಲಿ ಬೆತ್ತದ ಬುಟ್ಟಿಗಾಡಿಗೆ ನಮ್ಮನ್ನು ಕೂರಿಸಿ, ಹುಲ್ಲುಟೋಪಿಯ ಇಬ್ಬರು ರಸ್ತೆಯಲ್ಲೇ ಜಾರಿಸಿಬಿಟ್ಟರು. ಎರಡು ಕಿಲೋಮೀಟರು ಇಳಿಜಾರು. ಗಾಲಿ ಇಲ್ಲ; ಬ್ರೇಕು ಅಂದರೆ ಅವರ ಬೂಟಿನ ರಬ್ಬರ್ ಅಟ್ಟೆ! ನಾನು ಕಣ್ಣು ಮುಚ್ಚಿದೆ, ಅವಳು ಶಿಳ್ಳೆ ಹೊಡೆದಳು. ಕೆಳಗಿಳಿದು ಆ ಇಬ್ಬರ ನಡುವೆ ನಿಂತು, ‘ಈಗ ತೆಗೀರಿ ಫೋಟೋ’ ಅಂದಳು.