ನಿನ್ನೆಯವರು ಕಂಡ ನಾಳೆ

ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬಲ್ಲ ಹಡಗು. ಅದರೊಳಗೆ ಕುಳಿತವರ ಎದುರಿಗೆ ಏನಿದೆ ಎಂದು ನೋಡಿದರೆ ಸಾಲು ಸಾಲು ಗುಂಡಿಗಳು, ಟಕ್ಕೆಂದು ಮೇಲೆ ಕೆಳಗೆ ಆಗುವ ಸ್ವಿಚ್ಚುಗಳು, ಹಳೆಯ ಟೀವಿಯಂಥ ಉಬ್ಬುಗಾಜಿನ ಪರದೆ, ಅದರ ಮೇಲೆ ಒಂದೊಂದಾಗಿ ಮೂಡುವ ಹಸಿರು ಅಕ್ಷರ! 1979ರ ‘ಏಲಿಯನ್’ ಚಿತ್ರದ ಹಡಗು ಇಂಥದ್ದು. ಬೆರಳು ಸವರಿದರೆ ಸಾಕು, ಲೋಕವೇ ತೆರೆದುಕೊಳ್ಳುವ ಕಾಲದಲ್ಲಿ ಹುಟ್ಟಿದ ನಮ್ಮ ಮಕ್ಕಳು ಇದನ್ನು ಕಂಡು ನಗುತ್ತಾರೆ. ಆದರೆ ನಗುತ್ತಲೇ ಕಣ್ಣು ಕೀಳದೆ ನೋಡುತ್ತಾರೆ. ಆ ಹಳೆಯ ‘ನಾಳೆ’ಯಲ್ಲಿ ಅಂಥದ್ದೇನಿದೆ?

ಆ ಚಿತ್ರಗಳನ್ನು ಮಾಡಿದವರು ಕೈಗೆ ಸಿಕ್ಕಿದ್ದರಿಂದಲೇ ಭವಿಷ್ಯವನ್ನು ಕಟ್ಟಿದರು. 1977ರ ‘ಸ್ಟಾರ್ ವಾರ್ಸ್’ನಲ್ಲಿ ನಾಯಕನ ಬೆಳಕಿನ ಖಡ್ಗದ ಹಿಡಿಕೆ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆಯಿಂದ ಮಾಡಿದ್ದು. ನಮ್ಮಲ್ಲೂ ಹಾಗೆಯೇ. ಲೋಹವನ್ನು ಚಿನ್ನ ಮಾಡುವ ಸೂತ್ರದ ಸುತ್ತ ಹೆಣೆದ ರಾಜಕುಮಾರರ ‘ಜೇಡರ ಬಲೆ’ 1968ರಲ್ಲಿ ಬಂತು. 1987ರ ಹಿಂದಿ ಚಿತ್ರ ‘ಮಿಸ್ಟರ್ ಇಂಡಿಯಾ’ದಲ್ಲಿ ಮನುಷ್ಯ ಮಾಯವಾಗಲು ಮಣಿಕಟ್ಟಿಗೆ ಕಟ್ಟಿದ ಒಂದು ಯಂತ್ರ ಸಾಕಾಗಿತ್ತು. ಅದು ಬಡತನದ ಜಾಣತನ ಎನ್ನೋಣ. ಆದರೆ ಏನನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಸೃಷ್ಟಿಸಬಲ್ಲ ಕಾಲದಲ್ಲಿ ಬಂದ ‘ರೋಗ್ ಒನ್’ (2016) ಕೂಡ 1977ರ ಗುಂಡಿ-ದೀಪಗಳನ್ನೇ ಬೇಕೆಂದು ಮರಳಿ ತಂದಿತು. ಇದಕ್ಕೆ ಬಡತನ ಕಾರಣವಲ್ಲವಲ್ಲ!

ಉತ್ತರ ನನಗೆ ಸಿಕ್ಕಿದ್ದು ಹಾಲಿವುಡ್ಡಿನಲ್ಲಿ ಅಲ್ಲ, ನಮ್ಮ ಕಬ್ಬಿನ ಸೀಮೆಯಲ್ಲಿ. ನಿಪ್ಪಾಣಿ ಕಡೆಯ ಹುಡುಗರು ತಂಬಾಕಿನ ವಾಸನೆಯಲ್ಲಿ ಬೆಳೆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ನಾವು ಕಾಕಂಬಿಯ ವಾಸನೆಯಲ್ಲಿ ಬೆಳೆದವರು. ಹಂಗಾಮು ಶುರುವಾಯಿತೆಂದರೆ ಕಬ್ಬಿನ ಗಾಡಿಗಳ ಸಾಲು, ರಾತ್ರಿಯೆಲ್ಲ ಕಾರ್ಖಾನೆಯ ದೀಪ. ನನ್ನ ಅಪ್ಪ ಅಂಥದೊಂದು ಕಾರ್ಖಾನೆಯಲ್ಲಿ ಪ್ಯಾನ್‌ಮ್ಯಾನ್. ಗಾಳಿ ತೆಗೆದ ದೊಡ್ಡ ಪಾತ್ರೆಯಲ್ಲಿ ಕಬ್ಬಿನ ರಸ ಕಡಿಮೆ ಉಷ್ಣಕ್ಕೇ ಕುದಿಯುತ್ತದೆ, ಸಕ್ಕರೆ ಸೀಯುವುದಿಲ್ಲ. ಆ ಪಾತ್ರೆಗೆ ಒಂದು ಗಾಜಿನ ಕಿಂಡಿ, ಪಕ್ಕದಲ್ಲಿ ದುಂಡು ಮುಖದ ಮಾಪಕಗಳು. ಅಪ್ಪ ಕಿಂಡಿಯಲ್ಲಿ ಇಣುಕುತ್ತಿದ್ದ, ಮುಳ್ಳು ನೋಡುತ್ತಿದ್ದ, ಸರಳು ಹಾಕಿ ಒಂದಿಷ್ಟು ಪಾಕ ತೆಗೆದು ಗಾಜಿನ ತುಂಡಿನ ಮೇಲೆ ಸವರಿ ಬೆಳಕಿಗೆ ಹಿಡಿಯುತ್ತಿದ್ದ. ಎರಡು ಬೆರಳ ನಡುವೆ ತಿಕ್ಕಿ ಹರಳು ಕೂಡಿತೋ ಇಲ್ಲವೋ ಹೇಳುತ್ತಿದ್ದ. ಚಿಕ್ಕವನಾಗಿದ್ದಾಗ ಊಟದ ಡಬ್ಬಿ ಒಯ್ದು ಆ ಮುಳ್ಳುಗಳ ಸಾಲಿನೆದುರು ನಿಂತರೆ ನನಗೆ ಅದೇ ರಾಕೆಟ್ಟು.

ಮುಂದೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಗಾಜಿನ ಕೋಣೆ, ತಂಪು ಗಾಳಿ, ಪರದೆಯ ಮೇಲೆ ಬಣ್ಣದ ಅಂಕಿ. ಬಂದದ್ದು ಒಳ್ಳೆಯದೇ. ಬಿಸಿ, ಉಗಿ, ಅಪಾಯಗಳ ನಡುವೆ ಮನುಷ್ಯ ಇಡೀ ರಾತ್ರಿ ನಿಲ್ಲುವುದು ತಪ್ಪಿತು. ಆದರೆ ನಿವೃತ್ತಿಗೆ ಮುಂಚಿನ ಆ ವರ್ಷಗಳಲ್ಲಿ ಅಪ್ಪನನ್ನು ಯಾರೂ ಏನನ್ನೂ ಕೇಳಲಿಲ್ಲ. ಆತ ಮನೆಗೆ ಬಂದು ಕೈ ತೊಳೆದುಕೊಂಡು ಸುಮ್ಮನೆ ಕೂಡುತ್ತಿದ್ದ. ಬೆರಳು ಕಲಿತದ್ದನ್ನು ಬಾಯಿ ಹೇಳಲಾರದು. ಕೇಳುವವರೇ ಇಲ್ಲದ ಮೇಲೆ ಹೇಳುವುದಾದರೂ ಯಾರಿಗೆ?

ಕಳೆದ ಬೇಸಿಗೆ ನನ್ನ ಮಗಳು ‘ಬ್ಯಾಕ್ ಟು ದಿ ಫ್ಯೂಚರ್’ (1985) ಹಾಕಿಕೊಂಡು ಕೂತಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜನೂ ಪಕ್ಕದಲ್ಲಿ ಬಂದು ಕುಳಿತ. ಕಾಲದಲ್ಲಿ ಹಿಂದಕ್ಕೆ ಹೋಗಿ ಸಿಕ್ಕಿಕೊಂಡ ಹುಡುಗ 1955ರಿಂದ 1985ಕ್ಕೆ ಮರಳಬೇಕು. ಅದಕ್ಕೆ ರಾತ್ರಿ 10 ಗಂಟೆ 4 ನಿಮಿಷಕ್ಕೆ ಗಡಿಯಾರದ ಗೋಪುರಕ್ಕೆ ಬಡಿಯುವ ಸಿಡಿಲೇ ಇಂಧನ. ಅದೇ ಹೊತ್ತಿಗೆ ಗಂಟೆಗೆ 88 ಮೈಲಿ ವೇಗದಲ್ಲಿ ಬರುವ ಕಾರಿಗೆ ಆ ವಿದ್ಯುತ್ತು ತಂತಿಯ ಮೂಲಕ ತಲುಪಬೇಕು. ಅಷ್ಟರಲ್ಲಿ ಮೇಲೆ ತಂತಿಯ ಜೋಡಣೆ ಕಳಚುತ್ತದೆ.

‘ಏ, ವಾಯರ್ ಬಿಚ್ಚಿತ್ ನೋಡ! ಮೊದ್ಲ ಅದನ್ನ ಜೋಡಸಂತ ಹೇಳ ಅವಗ!’ ಅಜ್ಜ ಕುರ್ಚಿಯಿಂದ ಅರ್ಧ ಎದ್ದಿದ್ದ.

ಮಗಳು ನಕ್ಕಳು. ನಾನು ನಗಲಿಲ್ಲ. ಆ ಸಾಲುಗುಂಡಿಗಳ ಸೆಳೆತ ಏನೆಂದು ಆಗ ಹೊಳೆಯಿತು. ಭಾಷೆ ಬಾರದಿದ್ದರೂ ಅಪ್ಪನಿಗೆ ಯಂತ್ರ ಅರ್ಥವಾಗಿತ್ತು. ಕೈ ಎಳೆದರೆ ಕೀಲು ಚಲಿಸುತ್ತದೆ, ತಂತಿ ಕಳಚಿದರೆ ಕೆಲಸ ನಿಲ್ಲುತ್ತದೆ, ಜೋಡಿಸಿದರೆ ನಡೆಯುತ್ತದೆ. ಕಾರಣವೂ ಕಾರ್ಯವೂ ಕಣ್ಣೆದುರೇ ಇವೆ. ಮನುಷ್ಯನಿಗೆ ಅಲ್ಲಿ ಒಂದು ಕೆಲಸ ಉಳಿದಿದೆ.

ಮರುದಿನ ಮಗಳು ಅಟ್ಟದ ಮೇಲಿದ್ದ ಒಂದು ಕೆಟ್ಟ ಒತ್ತಡಮಾಪಕವನ್ನು ಅಜ್ಜನೆದುರು ತಂದಿಟ್ಟಳು. ಇಬ್ಬರೂ ಬಿಚ್ಚಿದರು. ಒಳಗೆ ಕೊಕ್ಕೆಯಂತೆ ಬಾಗಿದ ಚಪ್ಪಟೆ ಹಿತ್ತಾಳೆ ಕೊಳವೆ. ಫ್ರಾನ್ಸಿನ ಯೂಜೀನ್ ಬೂರ್ದಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಸಿಗುವ, ಊದಿದರೆ ಸುರುಳಿ ಬಿಚ್ಚಿ ಮುಂದಕ್ಕೆ ಚಾಚುವ ಕಾಗದದ ಪೀಪಿ ನೆನಪಿಸಿಕೊಳ್ಳಿ. ಉಗಿಯ ಒತ್ತಡ ಹೆಚ್ಚಾದಂತೆ ಕೊಳವೆಯೂ ಹಾಗೆ ತುಸು ನೆಟ್ಟಗಾಗಲು ನೋಡುತ್ತದೆ. ಅದರ ತುದಿ ಸಣ್ಣ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಗಾಲಿ ಮುಳ್ಳನ್ನು. ಅಷ್ಟೇ!

‘ಹಂಗಾದ್ರ ಕಂಪ್ಯೂಟರ್‌ಗೆ ಒತ್ತಡ ಹ್ಯಾಂಗ ಗೊತ್ತಾಗತೈತಿ ಅಜ್ಜಾ?’

ಅಜ್ಜನಿಗೆ ತಿಳಿಯದು. ಅವಳೇ ಹುಡುಕಿ ಬಂದು ಹೇಳಿದಳು. ಪರದೆಯ ಅಂಕಿಯ ಹಿಂದೆಯೂ ಸಾಮಾನ್ಯವಾಗಿ ಒಂದು ತೆಳುವಾದ ಲೋಹದ ಪೊರೆ ಇರುತ್ತದೆ. ಒತ್ತಡಕ್ಕೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗುವಿಕೆ ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ನಮ್ಮದ ಒಳಗ ಐತಿ ಅನ್ನ’ ಎಂದ.

ಈಗ ಮಗಳು ದ್ವಿತೀಯ ಪಿಯುಸಿ. ಮನೆಯಲ್ಲಿ ಎಲ್ಲರ ಮಾತೂ ಒಂದೇ, ಕಂಪ್ಯೂಟರ್ ಸೈನ್ಸ್. ಅವಳು ಮೆಕ್ಯಾನಿಕಲ್ ಅನ್ನುತ್ತಿದ್ದಾಳೆ. ತೀರ್ಮಾನವಾಗಿಲ್ಲ, ವಾದ ನಡೆದೇ ಇದೆ. ಯಾವುದನ್ನೇ ಓದಲಿ, ಪರದೆಯ ಹಿಂದೆ ಬಾಗುವ ಲೋಹವೊಂದಿದೆ ಎಂಬುದನ್ನು ಅವಳು ಮರೆಯಲಾರಳು. ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಪಾಲಕರಲ್ಲಿ ಒಂದು ಮಾತು. ಮಗ ಅಥವಾ ಮಗಳು ಹಳೆಯ ವೈಜ್ಞಾನಿಕ ಚಿತ್ರ ನೋಡುತ್ತಿದ್ದರೆ ‘ಹೊತ್ತು ಹಾಳು’ ಎಂದು ಗದರುವ ಮುನ್ನ ಮನೆಯ ಹಿರಿಯರನ್ನೂ ಪಕ್ಕಕ್ಕೆ ಕೂರಿಸಿ. ನಿಂತುಹೋದ ಕೀಲಿ ಗಡಿಯಾರವೋ, ಮೂಲೆ ಸೇರಿದ ಹೊಲಿಗೆ ಯಂತ್ರವೋ ಇದ್ದರೆ ಒಂದು ಸ್ಕ್ರೂಡ್ರೈವರ್ ಕೊಟ್ಟು ಬಿಡಿ. ಅದು ಮತ್ತೆ ನಡೆಯಲಿಕ್ಕಿಲ್ಲ. ನಮ್ಮ ಮಾಪಕವೂ ನಡೆಯಲಿಲ್ಲ. ಅದರ ಮುಳ್ಳು ಈಗ ಮಗಳ ಕಂಪಾಸ್ ಪೆಟ್ಟಿಗೆಯಲ್ಲಿದೆ.