ತಿಂಗಳಿಗೆ ಎಷ್ಟು ದಿನ ತಲೆನೋವು?

ಮೈಗ್ರೇನ್ ತಡೆಯುವ ಹೊಸ ಔಷಧಗಳ ಬಗ್ಗೆ ಹೋದ ವರ್ಷ ನಾನು ಕಳಿಸಿದ ಪುಟ್ಟ ವರದಿಗೆ ಡೆಸ್ಕ್‌ನವರು ‘ಅರೆತಲೆನೋವಿಗೆ ಬಂತು ರಾಮಬಾಣ’ ಎಂದು ತಲೆಬರಹ ಹಾಕಿದರು. ವರದಿಯಲ್ಲಿ ಆ ಪದವೇ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮಕ್ಕನ ಫೋನು: ‘ಹಂಗಾದ್ರೆ ನಾನು ರಾತ್ರಿ ತಗಳೋ ಮಾತ್ರೆ ನಿಲ್ಲಿಸ್ತೀನಿ ಕಣೋ. ಹೊಸದು ಬಂದೈತಲ್ಲ.’

ಅಕ್ಕ ಅಂಗನವಾಡಿ ಕಾರ್ಯಕರ್ತೆ. ತಿಂಗಳಲ್ಲಿ ಹನ್ನೆರಡು ದಿನ ತಲೆಗೆ ಬಟ್ಟೆ ಬಿಗಿದುಕೊಂಡೇ ಕೆಲಸ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದಳು. ಅಂಥ ಮಾತ್ರೆಯನ್ನು ತಿಂಗಳಿಗೆ ಹತ್ತು ಹದಿನೈದು ದಿನ ನುಂಗಿದರೆ ಅದರಿಂದಲೇ ತಲೆನೋವು ಹೆಚ್ಚುತ್ತದೆ ಎಂದು ವೈದ್ಯರು ಹೇಳಿದ ಮೇಲೆ, ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಸುತ್ತು ಹಾಕತೊಡಗಿದಳು. ರಾತ್ರಿಗೆ ಅಮಿಟ್ರಿಪ್ಟಿಲಿನ್ ಶುರುವಾಯಿತು. ‘ಇದು ಡಿಪ್ರೆಶನ್ ಮಾತ್ರೆ ಅಲ್ವಾ ಅಕ್ಕಾ’ ಎಂದು ಅಂಗಡಿ ಹುಡುಗ ಕೇಳಿದ್ದು ಅವಳಿಗೆ ಇವತ್ತಿಗೂ ಚುಚ್ಚುತ್ತದೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಜೋಂಪು. ಆದರೂ ನಾಲ್ಕು ತಿಂಗಳಲ್ಲಿ ಸುತ್ತುಗಳು ಹನ್ನೆರಡರಿಂದ ಏಳಕ್ಕೆ ಇಳಿದಿದ್ದವು.

ಹುಡುಗ ಹೇಳಿದ್ದು ಸುಳ್ಳೇನಲ್ಲ. ಮೈಗ್ರೇನ್ ತಡೆಗೆ ಬಹುಕಾಲದಿಂದ ಕೊಡುತ್ತಿರುವ ಮುಖ್ಯ ಮಾತ್ರೆಗಳು ಬೇರೆ ಕಾಯಿಲೆಗಳಿಂದ ಎರವಲು ತಂದವು: ಪ್ರೊಪ್ರನೊಲಾಲ್ ಬಿಪಿಯದು, ಟೊಪಿರಮೇಟ್ ಮೂರ್ಛೆರೋಗದ್ದು. ನೋವೇಳುವಾಗ ಮುಖ, ತಲೆಯ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪುಟ್ಟ ಪ್ರೋಟೀನು ಒಸರುತ್ತದೆ. ಅದನ್ನೋ, ಅದು ಹೋಗಿ ಕೂರುವ ಜಾಗವನ್ನೋ ಕಟ್ಟಿಹಾಕಲೆಂದೇ ತಯಾರಾದವು ಹೊಸ ಔಷಧಗಳು. ಮೊದಲನೆಯದಾದ ಎರೆನುಮ್ಯಾಬ್‌ಗೆ ಅಮೆರಿಕ 2018ರಲ್ಲಿ ಅನುಮತಿ ಕೊಟ್ಟಿತು, ತಿಂಗಳಿಗೊಂದು ಚುಚ್ಚುಮದ್ದು. 2021ರಲ್ಲಿ ಅಟೊಜೆಪಂಟ್, ದಿನಕ್ಕೊಂದು ಮಾತ್ರೆ.

ಅಕ್ಕನಿಗೆ ನಾನು ಎರೆನುಮ್ಯಾಬ್‌ನ 2017ರ ಪ್ರಯೋಗದ ಅಂಕಿ ಓದಿ ಹೇಳಿದೆ. ಅದರಲ್ಲಿದ್ದವರು 955 ಮಂದಿ, ತಿಂಗಳಿಗೆ ಸರಾಸರಿ ಎಂಟು ದಿನ ಮೈಗ್ರೇನ್. ಹೆಚ್ಚಿನ ಡೋಸಿನವರಿಗೆ 3.7 ದಿನ ಕಡಿಮೆಯಾಯಿತು. ಹುಸಿಮದ್ದು ಚುಚ್ಚಿಸಿಕೊಂಡವರಿಗೂ 1.8 ದಿನ ಕಡಿಮೆಯಾಗಿತ್ತು! ನೋವಿನ ದಿನ ಅರ್ಧಕ್ಕೆ ಇಳಿದರೆ ಔಷಧ ಗೆದ್ದಂತೆ ಲೆಕ್ಕ; ಅಷ್ಟು ಇಳಿದದ್ದು ಅರ್ಧದಷ್ಟು ಜನಕ್ಕೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಐದು ದಿನ ನಂಗೂ ಇಳಿದೈತಲ್ಲೋ’ ಅಂದಳು. ಒಬ್ಬರ ಕ್ಯಾಲೆಂಡರನ್ನು ಪ್ರಯೋಗದ ಸರಾಸರಿಯ ಪಕ್ಕ ಇಡಬಾರದು, ನಿಜ. ಆದರೆ ಅವಳು ಮಾತ್ರೆ ನಿಲ್ಲಿಸಲಿಲ್ಲ.

ಹಾಗಂತ ಹೊಸದನ್ನು ತಳ್ಳಿಹಾಕುವಂತಿಲ್ಲ. ಹಳೆ ಮಾತ್ರೆಗಳ ಜೋಂಪು, ತೂಕದ ಏರಿಳಿತ ತಡೆಯಲಾರದೆ ಬಿಟ್ಟವರು ಬಹಳ. ಅಮೆರಿಕದ ತಲೆನೋವು ತಜ್ಞರ ಸಂಘ 2024ರಲ್ಲಿ, ಸಿಜಿಆರ್‌ಪಿ ಔಷಧಗಳನ್ನು ಮೊದಲಿಗೇ ಕೊಡಬಹುದು ಎಂದಿತು. ಸಾಧನಗಳೂ ಇವೆ. ಹಣೆಗೆ ಅಂಟಿಸಿಕೊಳ್ಳುವ ಸೆಫಾಲಿ ದಿನಕ್ಕೆ 20 ನಿಮಿಷ. ತೋಳಿಗೆ ಕಟ್ಟುವ ನೆರಿವಿಯೊ ತಡೆಗಾದರೆ ದಿನ ಬಿಟ್ಟು ದಿನ, 45 ನಿಮಿಷ, ಡಾ. ರೆಡ್ಡೀಸ್ ಕಂಪನಿ ಅದನ್ನು 2023ರಲ್ಲಿ ಭಾರತಕ್ಕೆ ತಂದಿತು. ಅದು ನಡೆಯುವುದು ಸ್ಮಾರ್ಟ್‌ಫೋನಿನ ಆ್ಯಪ್‌ನಿಂದ. ನಮ್ಮಕ್ಕನ ಮನೆಯಲ್ಲಿ ಸಂಜೆ ಫೋನು ಮಗನ ಕೈಯಲ್ಲಿರುತ್ತದೆ.

ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ವರ್ಷದೊಳಗೆ ಮೈಗ್ರೇನ್ ಬಂದವರು ನೂರಕ್ಕೆ 25 ಮಂದಿ. ಹೆಂಗಸರಲ್ಲಿ ಇನ್ನೂ ಹೆಚ್ಚು. ಕೆಲವೇ ರೂಪಾಯಿಯ ಹಳೆ ಮಾತ್ರೆಗಳಾದರೂ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಕಾಯಿಲೆಗೆಂದು ಸಿಗುತ್ತಿವೆಯೇ? ಆರು ಆಸ್ಪತ್ರೆಗಳಿಗೆ ಕೇಳಿದ್ದೇನೆ. ಎರಡರಿಂದ ಉತ್ತರ ಬಂದಿದೆ. ಉಳಿದವು ಬಂದ ಮೇಲೆ ವರದಿ ಕಳಿಸುತ್ತೇನೆ, ಈ ಸಲ ತಲೆಬರಹವನ್ನೂ ನಾನೇ ಬರೆದು.