ಚೀಲದಲ್ಲಿ ಹಿಡಿಸುವ ಬಂದೂಕು

ಜಮಖಂಡಿ ತಾಲೂಕಿನ ಒಂದು ಹಳ್ಳಿ. ಕೃಷ್ಣೆಯ ನೀರು ಕುಡಿದು ಬೆಳೆದ ಆರು ಎಕರೆ ಕಬ್ಬು. ಆ ಕಬ್ಬಿನ ಒಡೆಯನ ಮಗ ಪಿಯುಸಿ ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿ, ಎನ್‌ಸಿಸಿಯಲ್ಲಿಯೂ ಇದ್ದಾನೆ. ಕ್ಯಾಂಪಿನಲ್ಲಿ ಇಪ್ಪತ್ತೈದು ಗಜದ ಗುರಿಹಲಗೆಗೆ ಐದು ಗುಂಡು ಹೊಡೆದು, ಐದನ್ನೂ ಅಂಗೈಯಗಲದಲ್ಲಿ ಕೂಡಿಸಿ ಬಂದವನು. ಅಂದಿನಿಂದ ಅವನ ತಲೆಯಲ್ಲಿ ಬಂದೂಕು ಹೊಕ್ಕಿತು.

ಒಂದು ಸಂಜೆ ಅವನು ಅಪ್ಪನ ಮುಂದೆ ಮೊಬೈಲು ಹಿಡಿದು ನಿಂತ. ಪರದೆಯ ಮೇಲೆ ಯಾರೋ ವಿದೇಶೀಯನೊಬ್ಬ ಒಂದು ಪುಟ್ಟ ರೈಫಲ್ಲನ್ನು ಚಾಕುವಿನಂತೆ ನಡುವೆ ಮಡಚಿ ಬೆನ್ನಚೀಲಕ್ಕೆ ಸೇರಿಸುತ್ತಿದ್ದ.

"ಅಪ್ಪಾ, ಇದು ಮಡಚಿದ್ರ ನನ್ನ ಕಾಲೇಜ್ ಚೀಲದಾಗ ಹಿಡಸ್ತೈತಿ ನೋಡು. ತೂಕ ಒಂದೂವರೆ ಕಿಲೋನೂ ಇಲ್ಲ. ಮೊಲ, ಕೌಜುಗ ಹೊಡ್ಯಾಕ ಸಾಕು."

ಬೇರೆ ದಿನವಾಗಿದ್ದರೆ ಅಪ್ಪ ಗದರಿ ಕಳಿಸುತ್ತಿದ್ದನೇನೋ. ಆದರೆ ಹಿಂದಿನ ರಾತ್ರಿಯೇ ಹಂದಿಗಳ ಹಿಂಡು ಹೊಕ್ಕು ಅರ್ಧ ಎಕರೆ ಕಬ್ಬನ್ನು ಮುರಿದು, ಅಗಿದು, ಉಗಿದು ಹೋಗಿತ್ತು. ಅಪ್ಪ ಮೊಬೈಲನ್ನು ಕೈಗೆ ತೆಗೆದುಕೊಂಡ. "ಹಂದಿಗೆ ನಡೀತೈತೇನು ಇದು?" ಎಂದು ಕೇಳಿದ.

ಹೀಗೆ ತಂದೆಯೂ ಮಗನೂ ಒಂದೇ ಪಕ್ಷದವರಾದರು. ಪಾಲಕರು ಇದನ್ನು ಗಮನಿಸಬೇಕು. ಮಕ್ಕಳ ಹಟಕ್ಕೆ ದೊಡ್ಡವರು ಸೋಲುವುದು ಬಹುಮಟ್ಟಿಗೆ ದೊಡ್ಡವರಿಗೂ ಅದೇ ಬೇಕಾಗಿರುವಾಗಲೇ.

ಊರಿನಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರಿದ್ದಾರೆ. ಹುಡುಗ ಅವರ ಕಟ್ಟೆಗೆ ಹೋಗಿ, "ಕಾಕಾ, ಮಡಚೂ ರೈಫಲ್ ಆರಿಸೋದು ಹೆಂಗ್ರಿ?" ಎಂದು ಕೇಳಿದ. ಅವರು ನಗಲಿಲ್ಲ, ಬೈಯಲೂ ಇಲ್ಲ. ಚಹಾ ತರಿಸಿ, ನಿಜವಾಗಿಯೂ ಆರಿಸುವವರಂತೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

ಮೊದಲು ತೋಟೆಯ ವಿಷಯ. ಹಳಬರು ಇದನ್ನೇ ಕಾಡತೂಸು ಎನ್ನುತ್ತಿದ್ದರು. ದೊಡ್ಡ ಬಂದೂಕುಗಳ ತೋಟೆಯಲ್ಲಿ ಕಿಡಿ ಹುಟ್ಟಿಸುವ ಕೇಪು ತಳದ ನಟ್ಟನಡುವೆ ಇರುತ್ತದೆ. ರಿಮ್‌ಫೈರ್ ತೋಟೆಯಲ್ಲಿ ಪ್ರತ್ಯೇಕ ಕೇಪು ಇಲ್ಲ. ತಳದ ಸುತ್ತ ಬಳೆಯಂತಿರುವ ಅಂಚು ಒಳಗೆ ಟೊಳ್ಳು. ಪೆಟ್ಟಿಗೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಅದರಲ್ಲಿಯೇ ತುಂಬಿರುತ್ತಾರೆ. ಕುದುರೆ ಬಿದ್ದಾಗ ಸೂಜಿ ಆ ಅಂಚನ್ನು ಜಜ್ಜುತ್ತದೆ, ಕಿಡಿ ಹಾರಿ ಮದ್ದು ಉರಿಯುತ್ತದೆ. ಅಂಚು ಜಜ್ಜಬೇಕಾದ್ದರಿಂದ ಹಿತ್ತಾಳೆಯ ತಗಡು ತೆಳುವಾಗಿರಲೇಬೇಕು. ತೆಳು ತಗಡು ಹೆಚ್ಚಿನ ಒತ್ತಡ ತಾಳಲಾರದು. ಆದುದರಿಂದಲೇ ರಿಮ್‌ಫೈರ್ ಎಂದರೆ ಸಾಮಾನ್ಯವಾಗಿ ಸಣ್ಣ ಗುಂಡು, ಸಣ್ಣ ಸದ್ದು, ಕಡಿಮೆ ಬೆಲೆ. ಒಮ್ಮೆ ಹಾರಿಸಿದ ತೋಟೆಯನ್ನು ಮತ್ತೆ ತುಂಬಲು ಬರುವುದಿಲ್ಲ. ಎನ್‌ಸಿಸಿ ಹುಡುಗರು ಹಾರಿಸುವುದೂ ಇದೇ ಪಾಯಿಂಟ್ ಟೂ ಟೂ, ಎಂದರೆ 0.22 ಇಂಚು, ಸುಮಾರು 5.6 ಮಿಲಿಮೀಟರು. ಇಂದು ಜಗತ್ತಿನಲ್ಲೆಲ್ಲ ನಡೆಯುವ .22 ಲಾಂಗ್ ರೈಫಲ್ ತೋಟೆ 1887ರದು. ಅದರ ಹಿರಿಯಣ್ಣ .22 ಶಾರ್ಟ್ ಬಂದದ್ದು 1857ರಲ್ಲಿ, ಅಮೆರಿಕದಲ್ಲಿ.

ಇನ್ನು ಮಡಚುವ ಬಂದೂಕು. ಇದು ಶೋಕಿಗೆ ಹುಟ್ಟಿದ್ದಲ್ಲ. ಕಾಡಿನಲ್ಲೋ ಹಿಮದಲ್ಲೋ ವಿಮಾನ ಬಿದ್ದರೆ ಪೈಲಟ್ಟು ಏನಾದರೂ ಬೇಟೆಯಾಡಿ ಬದುಕಿಕೊಳ್ಳಲಿ ಎಂದು ಅಮೆರಿಕದ ವಾಯುಪಡೆ 1950ರ ದಶಕದಲ್ಲಿ ಎಂ-6 ಎಂಬ ಮಡಚುವ ಬಂದೂಕನ್ನು ಮಾಡಿಸಿತು. 1959ರಲ್ಲಿ ಆರ್ಮಲೈಟ್ ಕಂಪನಿಯ ಎಆರ್-7 ಬಂತು. ಅದರ ನಳಿಗೆ, ಯಂತ್ರಭಾಗಗಳೆಲ್ಲ ಬಿಚ್ಚಿ ಅದರ ಹಿಂಬದಿಯ ದಸ್ತಿನೊಳಗೇ ತುಂಬಿಕೊಳ್ಳುತ್ತವೆ, ನೀರಿಗೆ ಬಿದ್ದರೆ ತೇಲುತ್ತದೆ. ಹುಡುಗ ತೋರಿಸಿದ್ದು ಇಟಲಿಯ ಕಿಯಾಪ್ಪಾ ಕಂಪನಿಯ ಲಿಟಲ್ ಬ್ಯಾಜರ್. ದಸ್ತಿನ ಜಾಗದಲ್ಲಿ ಬರೀ ತಂತಿ, ಸಲಕ್ಕೆ ಒಂದೇ ತೋಟೆ.

"ಒಂದೇ ತೋಟೆ ಇದ್ರ ಕಡಿಮಿ ಅಲ್ಲೇನ್ರಿ?"

"ಚಲೋನs. ನಡು ಮುರಿದ್ರ ತೋಟೆ ಐತೋ ಇಲ್ಲೋ ಕಣ್ಣಿಗೆ ಕಾಣ್ತೈತಿ. ಮಡಚಿದಾಗ ಹಾರೂದಿಲ್ಲ. ಒಂದs ಗುಂಡು ಅಂದ್ರ ಮನಿಷಾ ವಿಚಾರ ಮಾಡಿ ಹೊಡೀತಾನ."

ನಳಿಗೆ ಗಿಡ್ಡವಿದ್ದರೂ ಗುಂಡಿನ ವೇಗಕ್ಕೆ ದೊಡ್ಡ ನಷ್ಟವಿಲ್ಲ. ಈ ತೋಟೆಯ ಚಿಟಿಕೆ ಮದ್ದು ಹದಿನಾರು ಇಂಚಿನಷ್ಟರಲ್ಲಿ ತನ್ನ ಕೆಲಸ ಮುಗಿಸಿಬಿಡುತ್ತದೆ. ನಷ್ಟವಾಗುವುದು ಗುರಿಗೆ. ಇಲ್ಲಿ ಹುಡುಗನ ಭೌತಶಾಸ್ತ್ರ ಉಪಯೋಗಕ್ಕೆ ಬಂತು. ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮೊಳೆಗೂ ನಡುವೆ 70 ಸೆಂಟಿಮೀಟರು ಇದ್ದು, ಕಣ್ಣು ಅರ್ಧ ಮಿಲಿಮೀಟರು ತಪ್ಪಿದರೆ 40 ಮೀಟರು ದೂರದಲ್ಲಿ ಗುಂಡು ಸುಮಾರು 3 ಸೆಂಟಿಮೀಟರು ಆಚೀಚೆ. ಅದೇ ಅಂತರ 40 ಸೆಂಟಿಮೀಟರು ಆದರೆ ತಪ್ಪು 5 ಸೆಂಟಿಮೀಟರು. ಸಮರೂಪ ತ್ರಿಭುಜದ ಲೆಕ್ಕ. ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ. ಮೊಲದ ತಲೆ ಇರುವುದೇ ಅಷ್ಟಗಲ. ಮೇಲಾಗಿ ಹಗುರ ಬಂದೂಕು ಉಸಿರಿಗೂ ಅಲುಗುತ್ತದೆ. ಹೊರಲು ಹಗುರವಾದದ್ದು ಹೊಡೆಯಲು ಕಷ್ಟವಾಗುವುದು ಹೀಗೆ.

ಹಂದಿಯ ಪ್ರಶ್ನೆಗೆ ಅವರು ಹುಡುಗನಿಂದಲೇ ಇನ್ನೊಂದು ಲೆಕ್ಕ ಮಾಡಿಸಿದರು. ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ 330 ಮೀಟರು ಎಂದು ಹಿಡಿದರೆ ಚಲನಶಕ್ತಿ ಸುಮಾರು 140 ಜೌಲ್. ಕಾಡುಹಂದಿಯ ದಪ್ಪ ಚರ್ಮಕ್ಕೂ ಎಲುಬಿಗೂ ಇದು ಸಾಲದು. ಹಂದಿ ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ಕೂಡುತ್ತದೆ. ಮರುದಿನ ಕುಡುಗೋಲು ಹಿಡಿದು ಅದೇ ಕಬ್ಬಿಗೆ ಕೈಹಾಕುವವರ ಗತಿ ಏನು?

ಕಾಯಿದೆಯ ಮಾತು ಆಮೇಲೆ ಬಂತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ 21 ವರ್ಷ ತುಂಬದವನಿಗೆ ಬಂದೂಕಿನ ಲೈಸೆನ್ಸು ಇಲ್ಲ. ಹೊರದೇಶದ ಬಂದೂಕನ್ನು ಸಾಮಾನ್ಯ ರೈತ ತರಿಸಿಕೊಳ್ಳುವ ಹಾದಿಯೂ ಇಲ್ಲ. ಬೆಳೆ ರಕ್ಷಣೆಗೆಂದು ಆ ಕಾಯಿದೆ ಹೆಸರಿಸುವುದು ಬಾಯಿಂದ ಮದ್ದು ತುಂಬುವ ಹಳೆಯ ಕಾಲದ ಬಂದೂಕನ್ನು. ಇನ್ನು ಬೇಟೆ. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯೊಂದಿಗೆ ಬೇಟೆಯ ಲೈಸೆನ್ಸೆಂಬುದೇ ಹೋಯಿತು. ಮೊಲ, ಕೌಜುಗ, ನವಿಲು ಎಲ್ಲಕ್ಕೂ ರಕ್ಷಣೆ ಇದೆ. ಬೆಳೆ ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ ಅರಣ್ಯ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಬಂದೂಕಿಲ್ಲದೆ ಮುಧೋಳ ನಾಯಿ ಬಿಟ್ಟು ಮೊಲ ಹಿಡಿಸಿದರೂ ಅದು ಬೇಟೆಯೇ. ಆ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ತಳಿ ಕಾಯುವ ಕೇಂದ್ರವಿದೆ. ಅದಕ್ಕೆ ಸಲ್ಲುವ ಮರ್ಯಾದೆ ಬೇಟೆಗೆ ಸಲ್ಲುವುದಿಲ್ಲ. ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ ಗುಡ್ಡಗಳೀಗ ಚಿಂಕಾರ ಜಿಂಕೆಗಳ ಅಭಯಾರಣ್ಯ, ಸುಮಾರು 96 ಚದರ ಕಿಲೋಮೀಟರು. ಬೀಳಗಿಯ ಸೋದರಮಾವನ ಊರಿಗೆ ಚೀಲದಲ್ಲಿ ಬಂದೂಕು ಮಡಚಿಕೊಂಡು ಹೋಗುವ ಕನಸು ಅಲ್ಲಿಗೆ ಮುರಿಯಿತು.

ಹುಡುಗ ಸುಮ್ಮನಾಗಲಿಲ್ಲ. "ಕೊಡಗಿನವರಿಗೆ ಲೈಸೆನ್ಸ್ ಬ್ಯಾಡಂತಲ್ರಿ, ನಮಗ್ಯಾಕ ಬೇಕು?" ಎಂದ.

ಪ್ರಶ್ನೆ ತಪ್ಪಲ್ಲ. ಉತ್ತರ ಕೊಟ್ಟವನು ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದ ಅವನ ಅಜ್ಜ. "ಹಲಗಲಿ ಕೇಳಿ ಇಲ್ಲೇನು ತಮ್ಮಾ?"

ಕೇಳದೆ ಏನು, ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಓದಿಯೇ ಪಾಸಾಗಿದ್ದ. ಆದರೆ ಅಂಕಕ್ಕಾಗಿ ಓದಿದ್ದು ಬೇರೆ, ಬಂದೂಕು ಬೇಕೆಂದು ಕುಳಿತಾಗ ಕೇಳಿದ್ದು ಬೇರೆ. 1857ರಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಹೊಟ್ಟೆ. ಆಯುಧ ಅವರ ಮಾನ. ಹನುಮ, ಬಾಲ, ಜಡಗ, ರಾಮ ಎಂಬವರು ಮುಂದಾಳುಗಳು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಮುಂದೆ ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ನಾಲ್ಕು ವರ್ಷ ಕಳೆದು 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿಶ್ಶಸ್ತ್ರ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕಿಗೆ ಆ ವಿನಾಯಿತಿಯನ್ನು ಈಗ 2029ರವರೆಗೆ ವಿಸ್ತರಿಸಲಾಗಿದೆ. ಅದೇ ಇಂಗ್ಲಿಷರು, ಅದೇ ಕಾಲ. ಒಂದು ಕಡೆ ಸನ್ನದು, ಇನ್ನೊಂದು ಕಡೆ ನೇಣು. ಹುಡುಗನಿಗೆ ಹೊಳೆದದ್ದು ಇನ್ನೊಂದು: ಹಲಗಲಿ ಉರಿದ ವರ್ಷವೂ ಆ ಪುಟ್ಟ .22 ಹುಟ್ಟಿದ ವರ್ಷವೂ ಒಂದೇ.

"ಮತ್ತ ಅವರು ಬಂದೂಕಿಗಾಗಿ ಜೀವಾ ಕೊಟ್ರು, ನಾವು ಬ್ಯಾಡ ಅನ್ನೂದೇನು ಯಜ್ಜಾ?"

ಅಜ್ಜನ ಬಳಿ ಉತ್ತರವಿರಲಿಲ್ಲ. ಸುಬೇದಾರರು ಎದ್ದು ಚಪ್ಪಲಿ ಮೆಟ್ಟಿದರು. "ನಡೀ, ನಿಮ್ಮ ಹೊಲಕ್ಕ ಹೋಗೂಣು."

ಹೊಲದ ಬದುವಿನ ಮೇಲೆ, ಹಂದಿ ಬರುವ ದಿಕ್ಕಿಗೆ ಮುಖಮಾಡಿಸಿ ಹುಡುಗನನ್ನು ನಿಲ್ಲಿಸಿದರು. "ಈ ಸಣ್ಣ ಗುಂಡು ಎಲ್ಲೀ ಮಟಾ ಹೋಗ್ತೈತಿ?"

"ಎನ್‌ಸಿಸಿಯೊಳಗ ಇಪ್ಪತ್ತೈದು ಗಜ ಅಂತ ಕಲಿಸ್ಯಾರ್ರಿ."

"ಅದು ಗುರಿ ಹತ್ತೂ ದೂರ. ಗುಂಡು ಹೋಗೂ ದೂರ ಕೇಳೀನಿ."

ತುಸು ಮೇಲಕ್ಕೆ ಹಾರಿದ .22 ಗುಂಡು ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ಕಬ್ಬಿನ ಎಲೆ ಅದನ್ನು ತಡೆಯುವುದಿಲ್ಲ; ಗಟ್ಟಿ ನೆಲಕ್ಕೋ ಕಲ್ಲಿಗೋ ನೀರಿಗೋ ಓರೆಯಾಗಿ ಬಡಿದರೆ ಜಿಗಿದು ದಿಕ್ಕು ಬದಲಿಸುತ್ತದೆ. ಸುಬೇದಾರರು ಹುಡುಗನಿಗೆ ಎರಡು ಸಾವಿರ ಹೆಜ್ಜೆ ಎಣಿಸುತ್ತ ನೇರ ನಡೆಯಲು ಹೇಳಿದರು, ತಾವೂ ಹಿಂದೆ ನಡೆದರು. ಅಪ್ಪನೂ ಬಂದ.

ಮುನ್ನೂರು ಹೆಜ್ಜೆಗೆ ತಮ್ಮ ಕಬ್ಬು ಮುಗಿಯಿತು. ಮುಂದೆ ದಾಯಾದಿಗಳ ಗೋವಿನಜೋಳ. ಆರುನೂರಕ್ಕೆ ಕಾಲುವೆ, ದಂಡೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಒಂಬೈನೂರಕ್ಕೆ ರಸ್ತೆ, ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು. ರಸ್ತೆ ದಾಟಿದರೆ ಮತ್ತೆ ಕಬ್ಬು. ಸಾವಿರದ ನಾನೂರು ಹೆಜ್ಜೆಗೆ ಕಬ್ಬು ಕಡಿದ ಬಯಲು ಬಂತು. ಅಲ್ಲಿ ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವವರ ಏಳೆಂಟು ಜೋಪಡಿಗಳು, ರವದಿಯವು. ದೊಡ್ಡವರೆಲ್ಲ ಕಡಿಯಲು ಹೋಗಿದ್ದರು. ಬಂಡಿಯ ನೊಗಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸೊಂದು ಮಲಗಿತ್ತು. ಆರೇಳು ವರ್ಷದ ಹುಡುಗಿ ಅದನ್ನು ತೂಗುತ್ತ ನಿಂತಿದ್ದಳು. ಬಂದವರನ್ನು ನೋಡಿ ಮರಾಠಿಯಲ್ಲಿ ಏನೋ ಕೇಳಿದಳು. ಮೂವರೂ ಉತ್ತರ ಹೇಳಲಿಲ್ಲ.

ಹುಡುಗ ಹಿಂದಿರುಗಿ ನೋಡಿದ. ತಮ್ಮ ಹೊಲ ಕಾಣುತ್ತಿರಲಿಲ್ಲ. ಅಲ್ಲಿ ನಿಂತವನಿಗೆ ಇದೂ ಕಾಣುವುದಿಲ್ಲ.

ಇನ್ನೂ ಆರುನೂರು ಹೆಜ್ಜೆ ಉಳಿದಿದ್ದವು. ಅಪ್ಪ "ಸಾಕು" ಎಂದ.

ದಾರಿಯಲ್ಲಿ ಸುಬೇದಾರರು ಬೇರೆ ಮಾತು ತೆಗೆದರು. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ತಂದದ್ದು ಐವತ್ತು ಮೀಟರಿನ ರೈಫಲ್ ಸ್ಪರ್ಧೆಯಲ್ಲಿ, ಇದೇ .22 ರಿಮ್‌ಫೈರಿನಿಂದ. ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ್ 2010ರಲ್ಲಿ ವಿಶ್ವ ಚಾಂಪಿಯನ್ ಆದರು. ಶುರು ಮಾಡುವವರಿಗೆ ಏರ್ ರೈಫಲ್ಲಿದೆ. ನಳಿಗೆ 4.5 ಮಿಲಿಮೀಟರು, ಶಕ್ತಿ 20 ಜೌಲ್‌ಗಿಂತ ಕಡಿಮೆ ಇದ್ದರೆ 2016ರ ನಿಯಮಗಳಂತೆ ಲೈಸೆನ್ಸು ಬೇಡ. ಸ್ಪರ್ಧೆಯ ಏರ್ ರೈಫಲ್ಲಿನ ಶಕ್ತಿ ಎಂಟು ಜೌಲಿನ ಆಸುಪಾಸು. ಅದರಿಂದಲೂ ಹಕ್ಕಿ ಹೊಡೆದರೆ ಅಪರಾಧವೇ, ಕಣ್ಣಿಗೆ ತಾಗಿದರೆ ಕಣ್ಣು ಹೋಯಿತು. ಹಿಂದೆ ಮಣ್ಣಿನ ದಿಬ್ಬವೋ ಗಟ್ಟಿ ಗೋಡೆಯೋ ಇಲ್ಲದೆ ಹಾರಿಸಕೂಡದು. ಹುಡುಗ ಕೇಳಿಸಿಕೊಂಡನೋ ಇಲ್ಲವೋ. ಅವನು ಎಣಿಸದೆ ನಡೆಯುತ್ತಿದ್ದ.

ಹಂದಿಗೆ ಇದೊಂದೂ ಗೊತ್ತಿಲ್ಲವಷ್ಟೆ. ಮರುದಿನ ಅಪ್ಪ ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಬರೆಸಿದ, ರಬಕವಿಯಿಂದ ದೊಡ್ಡ ಬ್ಯಾಟರಿಯೊಂದನ್ನು ತಂದ. ರಾತ್ರಿ ತಂದೆ-ಮಗ ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತರು. ಒಂದು ಗಂಟೆಯ ಹೊತ್ತಿಗೆ ಕಬ್ಬು ಲಟಲಟ ಮುರಿದ ಸದ್ದಾಯಿತು. ಹುಡುಗ ಎಣ್ಣೆಯ ಡಬ್ಬಿ ಎತ್ತಿಕೊಂಡು ಬಡಿಗೆಯಿಂದ ಬಾರಿಸತೊಡಗಿದ. ಸ್ವಲ್ಪ ಹೊತ್ತಿಗೆ ರಸ್ತೆಯಾಚೆಯ ಕತ್ತಲೆಯಿಂದ, ಜೋಪಡಿಗಳ ಕಡೆಯಿಂದ, ಯಾರೋ ಪರಾತ ಬಾರಿಸಿದ್ದು ಕೇಳಿಸಿತು.